ಹುಸೇನಪ್ಪನ ಎಣಿಕೆ

ಭಾರ ಎಷ್ಟು, ಅಂತ ಮೊದಲು ಕೇಳಿದ.
ಅರವತ್ತು ಟನ್ನು, ಅಂದೆ.
‘ಹಂಗಾದ್ರ ಸಾವಕಾಶ ಹೇಳಬೇಕು’ ಅಂದು
ಗಂಟಲು ಸರಿಮಾಡಿಕೊಂಡ.

ಸಿತ್ರಾದ ಕ್ಯಾಂಪಿನಲ್ಲಿ ಶುಕ್ರವಾರ ಮಧ್ಯಾಹ್ನ
ಏಸಿ ಆರಿಸಿ, ಕಂಬಳಿ ಹೊದ್ದು,
ಮೊಬೈಲಿನ ಮುಂದೆ ಬೆವರುತ್ತ ಕೂತೆವು.
ನನ್ನ ಲ್ಯಾಪ್‌ಟಾಪಿನ ವಿಮಾನದೊಳಗೆ
ಎಣಿಸುತ್ತಿದ್ದ ಇಂಗ್ಲಿಷ್ ದನಿ ನನಗೆ ಸಾಕಾಗಿತ್ತು,
ನೆಲಕ್ಕೂ ತನಗೂ ಸಂಬಂಧವೇ ಇಲ್ಲದವನ ಹಾಗೆ.

ಹುಸೇನಪ್ಪ ಲಿಂಗಸುಗೂರು ಕಡೆಯವನು.
ಹಗಲೆಲ್ಲ ಕ್ರೇನಿನ ಕೆಳಗೆ ನಿಂತು
ಮೇಲಿನ ಪಂಜಾಬಿಗೆ ವಾಕಿಟಾಕಿಯಲ್ಲಿ
ಇಳಿಸು, ಇನ್ನೊಂಚೂರು, ನಿಲ್ಲಿಸು ಎನ್ನುವ ಕೆಲಸ.
ವಿಮಾನವೂ ಅವನಿಗೆ ತೂಗುಬಿದ್ದ ಸಾಮಾನೇ.

ರೊಟೇಟ್ ಇದ್ದಲ್ಲಿ ‘ಎತ್ತು’ ಅಂದ.
ಸರಿಯಾಗಿತ್ತು.
ವಿ-ಒನ್ ಅಂದರೇನು, ಕೇಳಿದ.
ಅದು ದಾಟಿದರೆ ನಿಲ್ಲುವ ಹಾಗಿಲ್ಲ,
ಎಂಜಿನ್ನು ಹೋದರೂ ಹಾರಲೇಬೇಕು, ಅಂದೆ.
ಕಂಬಳಿಯ ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದ.
‘ಮುಗೀತು’ ಅಂದ. ಅಷ್ಟೇ. ಹಾಗೇ ಇಟ್ಟೆ.

ಮಿನಿಮಮ್ಸ್‌ಗೆ: ‘ಕಂಡ್ತೇನ?’
ರನ್‌ವೇ ಕಾಣದಿದ್ದರೆ ಮತ್ತೆ ಮೇಲೇಳಬೇಕಾದ ಎತ್ತರ ಅದು;
ಇದಕ್ಕಿಂತ ಒಳ್ಳೆಯ ಮಾತು ಯಾವ ಕಂಪನಿಯೂ ಬರೆದಿಲ್ಲ.

ಆಮೇಲೆ ಅಂಕಿಗಳು.
ಐವತ್ತು. ನಲವತ್ತು. ಮೂವತ್ತು.
ಕೈ ಆಡಿಸದೆ ಅವನಿಗೆ ಎಣಿಸಲು ಬಾರದು:
ತೋರುಬೆರಳು ಕೆಳಮುಖ, ಸಣ್ಣ ಸುತ್ತು.
ಇಪ್ಪತ್ತರಲ್ಲಿ ತಾಮ್ರದ ಕಡಗ ಮಂಚದ ಸರಳಿಗೆ ತಾಗಿ
ಟಣ್ ಎಂದದ್ದೂ ಫೈಲಿನಲ್ಲಿದೆ.
ಹತ್ತರ ನಂತರ, ನಾನು ಬರೆದುಕೊಡದೇ ಇದ್ದದ್ದು,
‘ಕಾಲು ನೋಡ್ಕೋ.’

ನಕ್ಕೆ. ವಿಮಾನಕ್ಕೆಲ್ಲಿಯ ಕಾಲು?
ಅವನು ನಗಲಿಲ್ಲ.
ಎಡ ಬೂಟಿನ ತುದಿಗೆ ಅವನು ದಿನಾ ಬಟ್ಟೆ ತುರುಕುವುದು
ನಗು ಮುಗಿಯುವ ಮೊದಲೇ ನೆನಪಾಯಿತು.

ಮಾರ್ಚಿನಲ್ಲಿ ಅವನನ್ನು ಸೊಹಾರ್‌ಗೆ ಹಾಕಿದರು.
ಆ ಮಂಚಕ್ಕೆ ಬಂದ ಬಿಹಾರಿ ವೆಲ್ಡರು
ರಾತ್ರಿ ನನ್ನ ಇಯರ್‌ಫೋನು ಕಂಡು, ಹಾಡಾ? ಅಂತ ಕೇಳುತ್ತಾನೆ.
ಹ್ಞೂಂ ಅನ್ನುತ್ತೇನೆ.
ಧೂಳುಗಾಳಿ ಹಚ್ಚಿಕೊಂಡು ಮುಹರಕ್ಕಿಗೆ ಇಳಿಯುತ್ತೇನೆ,
ಕಡಲು, ಕಂದು ಮಬ್ಬು, ಎಲ್ಲೋ ದೀಪದ ಸಾಲು.
ಕಂಡ್ತೇನ?
ಕಂಡಿತು, ಹುಸೇನಪ್ಪ.

ರಜೆಗೆ ನಿಜದ ವಿಮಾನ ಹತ್ತಿದೆ.
ಇಳಿಯುವಾಗ ಮುಚ್ಚಿದ ಬಾಗಿಲಾಚೆ
ಯಾರು ಏನು ಎಣಿಸಿದರೋ, ಕೇಳಲಿಲ್ಲ.
ಪಕ್ಕದವನು ಆಗಲೇ ಬೆಲ್ಟು ಬಿಚ್ಚಿದ್ದ.
ಬೇಲಿ ಹೋಯಿತು, ಹುಲ್ಲು ಹೋಯಿತು,
ಚಕ್ರ ತಾಗುವುದಕ್ಕೆ ಒಂದು ಗಳಿಗೆ ಮೊದಲು
ನನ್ನ ಎರಡೂ ಕಾಲು
ತಾವಾಗಿಯೇ ತುಸು ಮೇಲೆದ್ದವು.