ಮೊದಲ ಪ್ಯಾಕೆಟ್ಟು

ಬರ್ನೊ ಊರಿನ ಕೊನೆಯ ಟ್ರಾಮು ಹೋಗಿ ಆಯಿತು.
ಬೊಹ್ದಾನಾ ಎದ್ದಿಲ್ಲ; ಚಹಾ ಆರಿ
ಲೋಟಕ್ಕೆ ಗೆರೆ ಕಟ್ಟಿದೆ.

ಅವಳು ನೋಡಿಕೊಳ್ಳುವ ಸ್ವಿಚ್ಚಿಗೆ ಮೈಯಿಲ್ಲ,
ಮಿಣುಕುವ ಹಸಿರು ದೀಪವಿಲ್ಲ, ಒರೆಸಲು ಧೂಳೂ ಇಲ್ಲ.
ಇಲ್ಲದ ಯಂತ್ರಗಳ ನಡುವೆ
ಇಲ್ಲದ ಕೈಮರ.
ಆದರೂ ಆಸ್ಪತ್ರೆಯೊಂದರ ರಕ್ತಪರೀಕ್ಷೆಗಳೆಲ್ಲ
ಇದರ ಮುಂದೆಯೇ ಹಾಯಬೇಕು.

ಮೊದಲು ಬಂದ ಪ್ಯಾಕೆಟ್ಟು ನಿಂತು ಕೇಳುತ್ತದೆ: ಎತ್ತ?
ಮೇಲಿಂದ ಉತ್ತರ ಬರುವ ತನಕ ಕಾಯುವುದು ಅದರ ಪಾಡು.
ಹಿಂದಿನವು ಕೇಳುವುದಿಲ್ಲ,
ಸವೆದ ದಾರಿ ಹಿಡಿದು ಓಡುತ್ತವೆ.
ಹತ್ತು ಸೆಕೆಂಡು ಯಾರೂ ಸುಳಿಯದಿದ್ದರೆ
ದಾರಿಗೇ ಮರೆವು.

ತಪ್ಪು ಸಿಕ್ಕಿದ್ದು ಎರಡೂವರೆಗೆ. ಒಂದೇ ಸಾಲು.
ಅದರ ಮೇಲೆ ಒಂಬತ್ತು ವರ್ಷದ ಹಿಂದೆ ಯಾರೋ,
ಮೊಂಟೆವಿಡಿಯೊದ ಎವಾರಿಸ್ತೊ ಅಂತೆ,
ಬರೆದಿಟ್ಟ ಟಿಪ್ಪಣಿ:
‘ಇದು ಹೇಗೆ ನಡೆಯುತ್ತದೋ ನನಗೂ ತಿಳಿಯದು.
ತಿಳಿದವರು ತಿದ್ದಿ.’

ತಿದ್ದಿದಳು. ಅವನ ಹೆಸರು ಅಳಿಸಲಿಲ್ಲ,
ಕೆಳಗೆ ತನ್ನದನ್ನು ಸೇರಿಸಿ
ಟಿಪ್ಪಣಿಯನ್ನು ಹಾಗೇ ಬಿಟ್ಟಳು.
ಅರ್ಧ ಅವಳಿಗೂ ತಿಳಿದಿರಲಿಲ್ಲ.

ಹೊರಗೆ, ಬೆಳಗಿನ ಮೊದಲ ಟ್ರಾಮು
ಕವಲಿನಲ್ಲಿ ಒಂದು ಗಳಿಗೆ ನಿಂತು,
ಕಿರ್ರೆಂದು ಬಲಕ್ಕೆ ಹೊರಳಿತು.