ಹೆಬ್ಬೆಟ್ಟು ಹುಡುಗ

ಅಕ್ಟೋಬರಿನ ಎರಡನೇ ಶನಿವಾರ,
ತಾರ್ತುವಿನಿಂದ ಹೊರಟ ವ್ಯಾನಿನಲ್ಲಿ ನಾವು ಒಂಬತ್ತು ಜನ,
ಹನ್ನೊಂದು ದುರ್ಬೀನು, ಮೂರು ಫ್ಲಾಸ್ಕು ಚಹಾ,
ಮೈಮುವಿನ ಮಡಿಲಲ್ಲಿ ಇನ್ನೂ ಬಿಸಿಯಾರದ ರೈ ರೊಟ್ಟಿ.

ಮೀನುಕೆರೆಯ ನೀರು ಅರ್ಧ ಇಳಿಸಿದ್ದಾರೆ.
ಕೆಸರಿನ ಮೇಲೆ ಬೆಳ್ಳಕ್ಕಿಗಳು, ಜಮೀನು ಅಳೆಯಲು ಬಂದ
ಶಾನುಭೋಗರ ಹಾಗೆ, ಹೆಜ್ಜೆ ಎಣಿಸಿ ಎಣಿಸಿ.
ಕ್ರೌಂಚಗಳು ಹೋಗಿಯಾಯಿತು. ಕೊಯ್ದ ಹೊಲದಲ್ಲಿ
ಅವುಗಳ ಬೆರಳಚ್ಚು, ಅದರೊಳಗೆ ಹೆಪ್ಪುಗಟ್ಟಿದ ಇಬ್ಬನಿ.

ಕಾಲ್ಯೊ ಎಲ್ಲರಿಗಿಂತ ಮುಂದೆ. ಎಂಬತ್ತೊಂದು ವರ್ಷ.
ನಲವತ್ತು ಶರತ್ಕಾಲಗಳನ್ನು
ಒಂದೇ ನೀಲಿ ರಟ್ಟಿನ ಪುಸ್ತಕದಲ್ಲಿ ಮಡಿಸಿಟ್ಟವನು.
ಕಂಡದ್ದಕ್ಕೆ ಒಂದು ಗೆರೆ, ಕೇಳಿದ್ದಕ್ಕೆ ಒಂದು ಚುಕ್ಕೆ;
ಅಂದಾಜಿಗೆ ಅವನ ಹತ್ತಿರ ಗುರುತೇ ಇಲ್ಲ.

ಹೊಲದಂಚಿನ ಸ್ಪ್ರೂಸ್ ಮರಗಳ ಕೆಳಗೆ
ಪ್ರತಿ ವರ್ಷ ಅವನು ಕೈ ಎತ್ತುತ್ತಿದ್ದ, ನಾವು ಉಸಿರು ಹಿಡಿಯುತ್ತಿದ್ದೆವು.
ಆ ಹಕ್ಕಿಗೆ ನಮ್ಮ ಕಡೆ ಹೆಬ್ಬೆಟ್ಟು ಹುಡುಗ ಅಂತ ಹೆಸರು.
ಸಕ್ಕರೆ ಅಚ್ಚಿನಷ್ಟು ತೂಕ, ನೆತ್ತಿಯ ಮೇಲೆ ಅರಿಶಿನದ ಗೀರು.
ಇವತ್ತು ಕೈ ಏಳಲಿಲ್ಲ.
"ಈ ಸಲ ಅವನು ಬಂದಿಲ್ಲ," ಅಂದ. ಪೆನ್ಸಿಲ್ಲು ಕಿಸೆಗೆ ಹೋಯಿತು.

ಉರ್ಮಾಸ್ ಬೂಟಿನ ದಾರ ಕಟ್ಟಿದ,
ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ.
ಆಗ ಮಿರ್ತೆಲ್, ಏಳು ವರ್ಷ, ಮೂಗು ಸುರಿಸುತ್ತ:
"ಅಜ್ಜ, ಕೂಗ್ತಾ ಇದೆಯಲ್ಲ! ಆಗಿನಿಂದ ಕೂಗ್ತಾನೇ ಇದೆ."

ಕಾಲ್ಯೊ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ,
ಹಕ್ಕಿ ನೋಡುವ ಹಾಗೇ: ಮೊದಲು ಕಣ್ಣು, ಆಮೇಲೆ ಕೊಕ್ಕು.
ನಾವು ತಲೆಯಾಡಿಸಿದೆವು, ಸಿಕ್ಕಿಬಿದ್ದ ಕಳ್ಳರು.
"ಹೌದಾ," ಅಂದ. ಮಂಡಿ ಲಟಕ್ಕೆಂದಿತು, ಅವಳ ಎತ್ತರಕ್ಕೆ ಬಗ್ಗಿದ.
"ಹೇಗೆ ಕೂಗ್ತದೆ, ಹೇಳು."
ಅವಳು ಯೋಚಿಸಿದಳು.
"ದಾರ ಪೋಣಿಸುವಾಗ ಸೂಜಿಗೆ
ಕಚಗುಳಿ ಆದ್ರೆ, ಹಾಗೆ."

ಚುಕ್ಕೆ ಇಟ್ಟ. ಪಕ್ಕದಲ್ಲಿ ಅವಳ ಪೂರ್ತಿ ಹೆಸರು.
ಪುಸ್ತಕದಿಂದ ತಲೆ ಎತ್ತದೆ ಕೇಳಿದ:
"ಇನ್ನು ಯಾರ್ಯಾರಿಗೆ ಕೇಳಿತು?"
ಕೈಗಳು ಎದ್ದವು.

ಅಷ್ಟರಲ್ಲಿ ಎಳೆ ಗೋಧಿಯ ಆಚೆ ಟ್ರ್ಯಾಕ್ಟರು ಕೆಮ್ಮಿತು.
ನಾನೂರು ಹೆಬ್ಬಾತು ಒಟ್ಟಿಗೆ ಎದ್ದವು,
ಯಾರೋ ಹೊಲವನ್ನೇ ಕಂಬಳಿಯಂತೆ ಕೊಡವಿದ ಹಾಗೆ.
ರೈತ ಟೋಪಿ ಬೀಸಿ ಬೈದ,
ಪೈರು ಮೇಯುವ ಅವಕ್ಕೋ, ನಿಂತು ನೋಡುವ ನಮಗೋ.
"ಇದು ಕೇಳ್ತದೆ," ಅಂದ ಕಾಲ್ಯೊ, ಎದೆಯ ಮೇಲೆ ಅಂಗೈ ಇಟ್ಟು.

ಕಟ್ಟೆಯ ಮೇಲೆ ಕೂತು ರೊಟ್ಟಿ ಹಂಚಿಕೊಂಡೆವು.
ನನಗೆ ಈ ಚಳಿಗಾಲಕ್ಕೆ ಅರವತ್ತಾರು.
ಸ್ಪ್ರೂಸಿನ ಕೆಳಗೆ ನನ್ನ ಕಿವಿಗೆ ಬಿದ್ದದ್ದು ಗಾಳಿ ಮಾತ್ರ,
ಹೋದ ವರ್ಷವೂ ಅಷ್ಟೇ.
ನೀಲಿ ರಟ್ಟಿನ ಪುಸ್ತಕದಲ್ಲಿ
ಹೆಲ್ಯು ಎಂಬ ಹೆಸರಿನ ಮುಂದೆ ಒಂದು ಚುಕ್ಕೆ ಇದೆ.
ಮಿರ್ತೆಲ್ ಬೆಣ್ಣೆ ನೆಕ್ಕುತ್ತ ನನ್ನನ್ನೇ ನೋಡುತ್ತಿದ್ದಳು.