ಹದಿಮೂರು ರೂಪಾಯಿ ಬಾಕಿ

ಕಾರವಾರ ಸ್ಟ್ಯಾಂಡಿನಲ್ಲಿ ಏಳೂಮುಕ್ಕಾಲಿಗೆ ಹತ್ತಿದ ಮುದುಕ
ಬಾಗಿಲ ಪಕ್ಕದ ಒಂಟಿ ಸೀಟು ಹಿಡಿದ.
ನೂರಾ ಎಂಬತ್ತೇಳಕ್ಕೆ ಇನ್ನೂರರ ನೋಟು.
ಟಿಕೆಟಿನ ಬೆನ್ನಿಗೆ ಹದಿಮೂರು ಎಂದು ಗೀಚಿ
‘ಶಿರಸಿಯಲ್ಲಿ ಕೊಡ್ತೆ’ ಅಂದೆ.

ಹೆಸರು ಕ್ಲೈವ್ ಟ್ರೆವಿಕ್. ಊರು ಆಸ್ಟ್ರೇಲಿಯಾದಲ್ಲಿ ಎಲ್ಲೋ,
ಸತುವಿನ ಗಣಿ, ಕೆಂಪು ಧೂಳು.
ಏನು ಕೆಲಸ, ಎಂದೆ, ನನ್ನ ಪಿಯುಸಿ ಇಂಗ್ಲಿಷಿನಲ್ಲಿ.
‘ಕಂಡಕ್ಟರ್.’
ನಾನು ಎದೆಯ ಬಿಲ್ಲೆ ಮುಟ್ಟಿ ತೋರಿಸಿದೆ,
ಸುನಂದಾ ಆಗೇರ, ನಂಬರು ಎರಡು ಸಾವಿರದ ನಲವತ್ತು.
ಇಬ್ಬರೂ ನಕ್ಕೆವು. ಡ್ರೈವರ್ ಬೊಮ್ಮಯ್ಯ ಮಾತ್ರ
ಕನ್ನಡಿಯಲ್ಲಿ ನೋಡಿ, ಯಾವ ಡಿಪೋ ಕೇಳು, ಎಂದ.

ಡಿಪೋ ಉಂಟು: ರಂಗದ ಕೆಳಗೊಂದು ಗುಂಡಿ,
ತೊಂಬತ್ತು ಜನ ಕೂತು ಬಾರಿಸುವ ಗುಂಡಿ.
ಮೇಲೆ ಬಣ್ಣ ಬಳಿದವರು ಹಾಡುತ್ತ ಹಾಡುತ್ತ ಸಾಯುತ್ತಾರೆ.
ಇವನು ನಡುವೆ ನಿಂತು ಕೋಲು ಆಡಿಸುವವ.
ಭಾಗವತರೋ ಹಾಗಾದರೆ? ಹಾಡ್ತೀರಾ?
ಇಲ್ಲ. ಬಾರಿಸ್ತೀರಾ?
ಇಲ್ಲ. ನಲವತ್ತೊಂದು ವರ್ಷ,
ಒಂದು ಸದ್ದೂ ತನ್ನ ಕೈಯಿಂದ ಹೊರಟದ್ದಲ್ಲ.

ಅಮದಳ್ಳಿಯಲ್ಲಿ ಮೀನುಬುಟ್ಟಿಯ ಹೆಂಗಸರು ಹತ್ತಿದರು.
ಹನ್ನೊಂದು ಸೊನ್ನೆ ಟಿಕೆಟು ಹರಿದು
ವಾಪಸ್ ಬರುವಷ್ಟರಲ್ಲಿ ಅವನಿಗೆ ಹತ್ತೊಂಬತ್ತು ವಯಸ್ಸು:
ವಾದ್ಯವೃಂದದ ಕೊನೆಯ ಸಾಲು, ಮೂರು ಮೂಲೆಯ ಒಂದು ಕಬ್ಬಿಣ,
ನೂರಾ ಹನ್ನೆರಡು ಆವರ್ತ ಸುಮ್ಮನೆ ಎಣಿಸಿ
ಒಂದೇ ಸಲ ಟಿಣ್ ಎನ್ನಿಸಬೇಕು.
ಎಣಿಕೆ ತಪ್ಪಿತು. ಬೈಗುಳ ತಿಂದ. ಆ ರಾತ್ರಿಯೇ
ಎಲ್ಲರ ಎಣಿಕೆಯೂ ನನಗೇ ಇರಲಿ ಅಂದುಕೊಂಡನಂತೆ.
ನನ್ನದೂ ಅದೇ ರೋಗ. ತಲೆ ಎಣಿಸುತ್ತ ನಿದ್ದೆಯಲ್ಲಿ ಏಳುತ್ತೇನೆ,
ಐವತ್ತೊಂದು, ಐವತ್ತೆರಡು, ಇನ್ನೊಂದು ತಲೆ ಎಲ್ಲಿ?

ಅಂಕೋಲೆಯಿಂದ ಮಿರ್ಜಾನಿನವರೆಗೆ ಲಂಡನ್.
ಬಾಡಿಗೆ ಕೋಟು, ಒಣ ಬ್ರೆಡ್ಡು, ಜ್ವರ ಬಂದ ದೊಡ್ಡವನ ಬದಲಿಗೆ
ಒಂದು ರಾತ್ರಿ. ಆಮೇಲೆ ಬರೀ ರಾತ್ರಿಗಳೇ.
ಕುಮಟೆಯಲ್ಲಿ ಚಾ. ಎರಡು ಮದುವೆ ಅಲ್ಲೇ ಮುಗಿದವು.
ಸಿಡ್ನಿಯಲ್ಲಿ ನಾಯಕಿ ಸಾಲು ಮರೆತು ನಿಂತಾಗ
ಗುಂಡಿಯೊಳಗಿಂದ ಬಾಯಿ ಮಾತ್ರ ಆಡಿಸಿ
ಅವಳನ್ನು ದಡ ಮುಟ್ಟಿಸಿದ. ಮರುದಿನ ಪೇಪರಿನವರು
ಅವಳು ಸುಮ್ಮನೆ ನಿಂತ ಆ ಗಳಿಗೆಯನ್ನೇ ಹೊಗಳಿದರು.

ಕತಗಾಲದಲ್ಲಿ ಒಳಜೇಬಿನಿಂದ ಕೋಲು ತೆಗೆದ.
ಬಿಳಿ ಕಡ್ಡಿ. ಹಿಡಿ ಗಂಧದ್ದು, ಸೀಳಿದೆ.
ಹಿಡಿಯ ಸುತ್ತ ಬಳ್ಳಿ, ಬಳ್ಳಿಯಲ್ಲಿ ಅಕ್ಕಿಯಷ್ಟು ಗಿಳಿ.
ಶಿರಸಿಯ ಗುಡಿಗಾರರೊಬ್ಬರು ಕೆತ್ತಿದ್ದು, ಯಾರೋ ಕೊಟ್ಟದ್ದು.
ಕೆತ್ತಿದವರಿಗೆ ಇದೇನೆಂದು ಗೊತ್ತಿತ್ತೋ,
ಚವರಿಯ ಹಿಡಿ ಅಂದುಕೊಂಡರೋ.
ಮೂಸು, ಎಂದ. ಗಂಧ ಇರಲಿಲ್ಲ. ಬೆವರಿತ್ತು.
‘ಎಡಗಿವಿ ಹೋಯಿತು. ಇನ್ನು ಅಲ್ಲಿ ನಿಲ್ಲುವುದಿಲ್ಲ.
ಆದರೂ ಇದು ಹೀಗೇ ಒಡೆದಿರಬಾರದು.’

ದೇವಿಮನೆ ಘಟ್ಟದ ಮೂರನೇ ತಿರುವಿನಲ್ಲಿ
ದಿಮ್ಮಿ ತುಂಬಿದ ಲಾರಿ ಎದುರಾಯಿತು. ನಾವೇ ಹಿಂದೆ ಹೋಗಬೇಕು.
ಇಳಿದು ಬಸ್ಸಿನ ಬೆನ್ನಿಗೆ ನಿಂತೆ, ಸೀಟಿ ಬಾಯಲ್ಲಿ.
ಎಡಗೈ ಮೆಲ್ಲ ಮೆಲ್ಲ, ಬಲಗೈ ಬಾ, ಬಾ, ಇನ್ನೂ ಬಾ,
ಚಕ್ರಕ್ಕೂ ಕಮರಿಗೂ ಒಂದು ಗೇಣು.
ಮುಷ್ಟಿ ಹಿಡಿದೆ.
ಐವತ್ತಮೂರು ಜನ ಉಸಿರು ಬಿಟ್ಟದ್ದು
ನಾನು ಸೀಟಿ ಊದುವ ಮೊದಲೇ.

ಹತ್ತಿದಾಗ ಮುದುಕ ಕಂಬಿ ಹಿಡಿದು ಎದ್ದು ನಿಂತಿದ್ದ.
ಏನೋ ಅಂದ. ತಿಳಿಯಲಿಲ್ಲ.
ಬೊಮ್ಮಯ್ಯ ಗೇರು ಹಾಕಿಯಾಗಿತ್ತು,
ಹಿಂದಿನ ಸೀಟಿನಲ್ಲಿ ಯಾರದೋ ಮಗು ಕಾರಿಕೊಂಡಿತ್ತು.

ಶಿರಸಿ. ಗುಡಿಗಾರರ ಗಲ್ಲಿಗೆ ಕೈ ಮಾಡಿ ತೋರಿಸಿದೆ.
ಆಟೋಗಳ ನಡುವೆ ಬಿಳಿ ತಲೆ ತುಸು ಹೊತ್ತು ಕಂಡಿತು.
ಅಲ್ಲಿ ಈಗಲೂ ಉಳಿಯ ಸದ್ದೋ, ಮೊಬೈಲಿನ ಅಂಗಡಿಯೋ,
ನಾನು ನೋಡಿಲ್ಲ. ನನಗೆ ಹನ್ನೆರಡೂವರೆಗೆ ವಾಪಸ್ ಟ್ರಿಪ್.

ಸಂಜೆ ಕ್ಯಾಶ್ ಕಟ್ಟುವಾಗ ಹದಿಮೂರು ಹೆಚ್ಚು ಬಂತು.
ಯಾರ ಚಿಲ್ಲರೆ, ಎಂದರು.
ಕಂಡಕ್ಟರದ್ದು, ಎಂದೆ.
ನಿನ್ನದಾ?
ನಾನು ಎಣಿಸುತ್ತಲೇ ಇದ್ದೆ.